ಪುರಾವೆ ಭಾವನ ದಿಂಬು

ನನ್ನ ಅಕ್ಕನ ಗಂಡನಿಗೆ ಮನೆಮಂದಿಯೆಲ್ಲ ಇಟ್ಟಿರುವ ಹೆಸರು ಪುರಾವೆ ಭಾವ. ಹಾಲು ಒಡೆದಿದೆ ಎಂದು ಅಕ್ಕ ಹೇಳಿದರೆ ‘ಪುರಾವೆ?’ ಎನ್ನುತ್ತಾರೆ. ಮೋಡ ಕವಿದಿದೆ, ಕೊಡೆ ತಗೊಂಡು ಹೋಗಿ ಎಂದರೂ ಅದೇ. ತೊಯ್ದು ತೊಪ್ಪೆಯಾಗಿ ಬಂದ ಮೇಲೆ ‘ಒಂದು ಸಲ ನೆನೆದರೆ ಏನೂ ಸಾಬೀತಾಗಲ್ಲ’ ಎಂದು ತಲೆ ಒರೆಸಿಕೊಳ್ಳುತ್ತಾರೆ. ಇಂಥವರ ಜೊತೆ ಅಕ್ಕ ಹೇಗೆ ಬಾಳುವೆ ಮಾಡಿಕೊಂಡು ಬಂದಳು ಎಂಬುದರ ಬಗ್ಗೆ ಈವರೆಗೆ ಯಾರೂ ಸಂಶೋಧನೆ ಮಾಡಿಲ್ಲ. ಮಾಡಬೇಕಿತ್ತು.

ಭಾವ ಕಾಲೇಜಿನಲ್ಲಿ ನಿದ್ದೆಯ ವಿಜ್ಞಾನಿ. ಮೇಲಿನ ಮಹಡಿಯ ಮೂಲೆಯಲ್ಲಿ ಅವರ ಪ್ರಯೋಗಾಲಯ: ಒಂದು ಮಂಚ, ಕಿಟಕಿಗೆ ಕಪ್ಪು ಪರದೆ, ಮಲಗಿದವರ ತಲೆಗೂ ಕತ್ತಿಗೂ ಅಂಟಿಸುವ ವೈರುಗಳು, ಆ ವೈರುಗಳ ಕೊನೆಯಲ್ಲಿ ಸದಾ ಕೆಮ್ಮುವ ಒಂದು ಮುದಿ ಯಂತ್ರ. ಊಟವಾದ ಮೇಲೆ ವಿದ್ಯಾರ್ಥಿಗಳು ಬಂದು ಮಲಗುತ್ತಾರೆ. ಪಾಠದ ಹೊತ್ತಿನಲ್ಲಿ ಪಳಗಿದವರಾದ್ದರಿಂದ ಅವರಿಗೆ ಬೇರೆ ತರಬೇತಿ ಬೇಕಾಗುವುದಿಲ್ಲ.

ಆ ಯಂತ್ರ ಒಂದು ದಿನ ಕೆಮ್ಮುವುದನ್ನೂ ನಿಲ್ಲಿಸಿತು. ಹೊಸದು ಕೇಳಿದರೆ ಕಾಲೇಜಿನವರು ದುಡ್ಡಿಲ್ಲ ಎಂದು ಕೈ ಅಲ್ಲಾಡಿಸಿಬಿಟ್ಟರು. ಆಗ ಬಂದವನು ನಗುಮುಖ. ಅವನೊಂದು ದಿಂಬಿನ ಕಂಪನಿಯ ಮನುಷ್ಯ. ಅವನ ಹೆಸರು ಭಾವ ಹೇಳಿದ್ದರು, ನನಗೆ ನೆನಪಿರುವುದು ನಗು ಮಾತ್ರ. ಕಂಪನಿ ಕತ್ತುನೋವಿಗೆಂದೇ ಹೊಸ ದಿಂಬು ಮಾಡಿತ್ತು. ಭಾವ ಅದನ್ನು ಪರೀಕ್ಷಿಸಬೇಕು. ಅದಕ್ಕೆ ಹೊಸ ಯಂತ್ರ, ಎಸಿ, ಒಳ್ಳೆಯ ಕುರ್ಚಿಗಳು.

‘ಫಲಿತಾಂಶ ಏನೇ ಬರಲಿ ಸರ್, ನಾವು ತಲೆ ಹಾಕಲ್ಲ’ ಎಂದ ನಗುಮುಖ.

ಭಾವ ಮನೆಗೆ ಬಂದು ನನ್ನೆದುರು ಎದೆ ಸೆಟೆಸಿದರು. ‘ದುಡ್ಡು ಕೊಟ್ಟೋರು ನನ್ನ ಕೈಲಿ ಒಂದೇ ಒಂದು ಅಂಕಿ ತಿದ್ದಿಸಲಿ ನೋಡೋಣ. ಹುಟ್ಟಿ ಬರಬೇಕು ಅವರು!’

‘ತಿದ್ದಿ ಅಂತ ಯಾರ್ರೀ ಅಂದ್ರು?’ ಎಂದಳು ಅಕ್ಕ. ಅವಳು ವಿಮೆ ಕಚೇರಿಯಲ್ಲಿ ಪರಿಹಾರ ಕೇಳಿ ಬಂದವರ ಅರ್ಜಿ ನೋಡುವವಳು. ಯಾರೂ ಕೇಳದೇ ಇದ್ದದ್ದಕ್ಕೆ ಉತ್ತರ ಕೊಡುವವರನ್ನು ಕಂಡರೆ ಅವಳ ಹುಬ್ಬು ತಾನಾಗಿ ಮೇಲೇರುತ್ತದೆ.

ಮೊದಲ ಸುತ್ತಿನಲ್ಲಿ ಭಾವ ಕಂಪನಿ ದಿಂಬನ್ನೂ ಅಂಗಡಿಯಿಂದ ತಂದ ಮಾಮೂಲಿ ಹೊಸ ದಿಂಬನ್ನೂ ಹೋಲಿಸಿ ನೋಡಿದರು. ಎರಡರಲ್ಲೂ ಹುಡುಗರು ಒಂದೇ ರೀತಿ ಗೊರಕೆ ಹೊಡೆದರು. ಕತ್ತಿನ ಬಿಗುವಿನಲ್ಲೂ ವ್ಯತ್ಯಾಸವಿಲ್ಲ. ನಗುಮುಖನ ನಗು ಒಂದು ಎಳೆಯೂ ಸಡಿಲವಾಗಲಿಲ್ಲ.

‘ಚೆನ್ನಾಗಿದೆ ಸರ್. ಇದು ಪ್ರಾಥಮಿಕ ಅಂತ ಇಟ್ಕೊಳ್ಳೋಣ. ಒಂದು ಸಣ್ಣ ಅನುಮಾನ. ಜನ ಮನೇಲಿ ಹೊಸ ದಿಂಬಿನ ಮೇಲೆ ಮಲಗಲ್ಲ ಅಲ್ವಾ ಸರ್? ಬಳಸಿದ ದಿಂಬು ಇರತ್ತೆ. ಹೋಲಿಸೋದಾದ್ರೆ ಅದಕ್ಕೆ ಹೋಲಿಸಬೇಕು. ತಪ್ಪಿದ್ರೆ ಹೇಳಿ.’

ತಪ್ಪೇನೂ ಕಾಣಲಿಲ್ಲ. ಮೊದಲ ಸುತ್ತು ಕಪಾಟಿನ ಒಳಗೆ ಹೋಯಿತು. ಎರಡನೇ ಸುತ್ತಿನಲ್ಲಿ ಕಂಪನಿ ದಿಂಬು ಜಯಭೇರಿ ಬಾರಿಸಿತು. ಒಂದು ವಿಜ್ಞಾನ ಪತ್ರಿಕೆಯಲ್ಲಿ ಲೇಖನ ಪ್ರಕಟವಾಯಿತು, ದಿಂಬಿನ ಚೀಲದ ಮೇಲೆ ‘ವಿಜ್ಞಾನಿಗಳಿಂದ ಸಾಬೀತು’ ಎಂಬ ಅಕ್ಷರಗಳೂ ಅವುಗಳ ಕೆಳಗೆ ಭಾವನ ಹೆಸರೂ ಅಚ್ಚಾದವು. ಭಾವ ಒಂದು ಖಾಲಿ ಚೀಲವನ್ನು ಮಡಿಸಿ, ಯಾರಾದರೂ ಬಂದರೆ ಕಣ್ಣಿಗೆ ಬೀಳುವಂತೆ ಟಿವಿ ಪಕ್ಕ ಇಟ್ಟರು.

ತೊಂದರೆ ಕೊಟ್ಟದ್ದು ಅಕ್ಕನ ಕತ್ತು. ಕಂಪನಿ ಕೊಟ್ಟ ದಿಂಬಿನ ಮೇಲೆ ಮಲಗಿದರೂ ಬೆಳಿಗ್ಗೆ ಅದು ಹಿಡಿದುಕೊಂಡೇ ಇರುತ್ತಿತ್ತು.

‘ನೋಯ್ತಿದೆ ರೀ.’

‘ನೋಯೋಕೆ ಸಾಧ್ಯ ಇಲ್ಲ ಕಣೇ. ಪ್ರಕಟ ಆಗಿದೆ.’

‘ನನ್ನ ಕತ್ತು ನಿಮ್ಮ ಪತ್ರಿಕೆ ಓದಿಲ್ಲ!’

ಒಂದು ಮಧ್ಯಾಹ್ನ ಭಾವ ಕನ್ನಡಕ ಮರೆತು ಹೋದರು. ಕೊಟ್ಟು ಬರಲು ಅಕ್ಕನೂ ನಾನೂ ಕಾಲೇಜಿಗೆ ಹೋದೆವು. ಎಸಿ ಗುಂಯ್‌ಗುಟ್ಟುತ್ತಿತ್ತು. ಹೊಸ ಯಂತ್ರ ಮದುಮಗನಂತೆ ಹೊಳೆಯುತ್ತಿತ್ತು. ಗಾಜಿನ ಬೀರುವಿನಲ್ಲಿ, ‘ಬಳಕೆಯ ದಿಂಬು, ಮುಟ್ಟಬೇಡಿ’ ಎಂಬ ಚೀಟಿ ಅಂಟಿಸಿಕೊಂಡು, ಯಾರೋ ಮೇಲೆ ಕೂತು ಎದ್ದುಹೋದಂಥ ಒಂದು ವಸ್ತು ಇತ್ತು.

ಅಕ್ಕ ಬೀರುವಿನ ಮುಂದೆ ನಿಂತಳು. ಬಗ್ಗಿದಳು. ಚೀಟಿಯ ಮಾತು ಮೀರಿ ಬಾಗಿಲು ತೆಗೆದು ದಿಂಬನ್ನು ತಿರುಗಿಸಿದಳು. ಹಿಂದೆ ನೀಲಿ ಗೀರಿನ ಬಟ್ಟೆಯ ತೇಪೆ.

‘ರೀ, ಇದು ನಿಮ್ಮ ಹಳೇ ಶರ್ಟಿನ ತೋಳು. ನಾನೇ ಹೊಲಿದಿದ್ದು. ಇದು ನನ್ನ ದಿಂಬು!’

ಭಾವ ಕನ್ನಡಕ ಹಾಕಿಕೊಂಡರು. ‘ಇರಬಹುದು. ಬಳಸಿದ್ದು ಬೇಕಿತ್ತು, ಮನೇಲಿತ್ತು, ತಂದೆ.’

‘ಮನೇಲಿ ಎಲ್ಲಿತ್ತು? ಕತ್ತು ಮುರಿಯತ್ತೆ, ಕಸದ ಗಾಡಿಗೆ ಹಾಕಿ ಬನ್ನಿ ಅಂತ ನಿಮ್ಮ ಕೈಗೇ ಕೊಟ್ಟಿದ್ದೆ. ನೀವು ತಂದು ಬೀರುನಲ್ಲಿ ಇಟ್ಟು ಬೀಗ ಹಾಕಿದೀರಾ?’

‘ಬೀಗ ಹಾಕಿಲ್ಲ’ ಎಂದರು ಭಾವ. ನನಗೆ ನಗು ತಡೆಯಲಾಗಲಿಲ್ಲ. ‘ಹಲ್ಲು ಕಿರೀಬೇಡ ಕಣೋ’ ಎಂದು ಅಕ್ಕ ನನಗೂ ಒಂದು ಬಿಟ್ಟಳು.

‘ಆದರೆ ಅಂಕಿ ಎಲ್ಲಾ ನಿಜ ಮಾರಾಯ್ತಿ! ಒಂದೂ ತಿದ್ದಿಲ್ಲ!’

‘ಅಂಕಿ ನಿಜಾನೇ. ಪಂಕ್ಚರ್ ಆದ ಸೈಕಲ್ ಪಕ್ಕ ಓಡಿಸಿ ಗೆದ್ದಿದೆ ನಿಮ್ಮ ದಿಂಬು. ಮೊದಲನೇ ಸುತ್ತು ಏನಾಯ್ತು? ಅದನ್ನ ಯಾಕೆ ಹಾಕಲಿಲ್ಲ?’

‘ಅದು ಪ್ರಾಥಮಿಕ.’

‘ಗೆದ್ದಿದ್ರೂ ಪ್ರಾಥಮಿಕ ಅಂತಿದ್ರಾ?’

ಭಾವ ಬಾಯಿ ತೆರೆದರು. ಪುರಾವೆ ಎನ್ನುತ್ತಾರೇನೋ ಎಂದುಕೊಂಡೆ. ಕಪಾಟು ತೆಗೆದು ಮೊದಲ ಸುತ್ತಿನ ಕಾಗದಗಳನ್ನು ಹೊರಗೆಳೆದರು.

ಮರುದಿನ ಅವರು ನಗುಮುಖನಿಗೆ ಫೋನ್ ಮಾಡಿದಾಗ ನಾನು ಅಲ್ಲೇ ಇದ್ದೆ. ಮೊದಲ ಸುತ್ತನ್ನೂ ಪ್ರಕಟಿಸುತ್ತೇನೆ, ಎರಡನೇ ಸುತ್ತಿನಲ್ಲಿ ಹೋಲಿಸಿದ ದಿಂಬು ಬರೀ ಬಳಸಿದ್ದಲ್ಲ, ಬಿಸಾಡಿದ್ದು ಎಂದೂ ಬರೆಯುತ್ತೇನೆ ಎಂದರು. ಫೋನಿನಲ್ಲೂ ನಗು ಕೇಳಿಸಿತು.

‘ಧಾರಾಳವಾಗಿ ಸರ್! ನಾವು ಯಾರನ್ನೂ ತಡೆಯೋರಲ್ಲ. ಅಂದಹಾಗೆ ಯಂತ್ರ ನಮ್ಮ ಹೆಸರಲ್ಲೇ ಇದೆ ಅಲ್ವಾ ಸರ್, ಕರಾರು ಮುಂದುವರಿಸೋ ಹೊತ್ತಾಯ್ತು. ಸುಮ್ನೆ ನೆನಪು ಮಾಡಿದೆ.’

ಬೈದಿದ್ದರೆ ಭಾವನಿಗೆ ಸುಲಭವಾಗುತ್ತಿತ್ತು. ಜಗಳ ಆಡಿ ಗೆದ್ದೆ ಅನ್ನಬಹುದಿತ್ತು. ಅವರ ಮುಂದೆ ಉಳಿದದ್ದು ಎರಡೇ: ಯಂತ್ರ, ಇಲ್ಲವೇ ಆ ಚೀಲದ ಮೇಲಿನ ಹೆಸರಿನ ಮಾನ. ಕೆಲವು ದಿನ ಕರವಸ್ತ್ರದಿಂದ ಯಂತ್ರದ ಧೂಳು ಒರೆಸುತ್ತ ಕೂತರು. ಆಮೇಲೆ ಎಲ್ಲವನ್ನೂ ಪತ್ರಿಕೆಗೆ ಬರೆದು ಕಳಿಸಿದರು.

ಯಂತ್ರ ಹೋಯಿತು. ಕುರ್ಚಿಗಳೂ ಹೋದವು. ಎಸಿಯನ್ನು ಕಿತ್ತ ಜಾಗದಲ್ಲಿ ಗೋಡೆಯಲ್ಲಿ ತೂತು ಉಳಿಯಿತು. ಗೆದ್ದ ಸುದ್ದಿಯನ್ನು ಕೈಚಾಚಿ ತೆಗೆದುಕೊಂಡಿದ್ದ ಪತ್ರಿಕೆ, ‘ವ್ಯತ್ಯಾಸವಿಲ್ಲ ಎಂಬುದರಲ್ಲಿ ನಮ್ಮ ಓದುಗರಿಗೆ ಆಸಕ್ತಿಯಿಲ್ಲ’ ಎಂದು ಉತ್ತರಿಸಿತು. ಬಿಸಾಡಿದ ದಿಂಬಿನ ಸಂಗತಿಯನ್ನು ಮಾತ್ರ ಕೊನೆಯ ಪುಟದಲ್ಲಿ, ಇರುವೆ ಓದುವಷ್ಟು ಸಣ್ಣ ಅಕ್ಷರದಲ್ಲಿ ಹಾಕಿತು.

‘ಇರುವೆಗಳು ಕಂಪನಿ ದಿಂಬು ಕೊಳ್ಳಲ್ಲ ಬಿಡಿ ಭಾವ’ ಎಂದೆ. ಅವರು ನಗಲಿಲ್ಲ. ಎದ್ದು ಚಪ್ಪಲಿ ಮೆಟ್ಟಿ ‘ಬಾರಯ್ಯ’ ಎಂದರು.

ಹೋದದ್ದು ದಿಂಬಿನ ಅಂಗಡಿಗೆ. ಕಂಪನಿ ದಿಂಬುಗಳನ್ನು ಸೂರಿನವರೆಗೆ ಪೇರಿಸಿದ್ದರು.

‘ಇದರ ಮೇಲೆ ಬರೆದಿರೋದು ಸರಿಯಿಲ್ಲ’ ಎಂದರು ಭಾವ.

ಅಂಗಡಿಯವನು ಅಳತೆಯ ಟೇಪು ಸುತ್ತುತ್ತ, ‘ಪುರಾವೆ ಇದೆಯಾ ಸಾರ್?’ ಎಂದ. ನಾನು ಪರದೆ ಬಟ್ಟೆಗಳ ಕಡೆ ಮುಖ ತಿರುಗಿಸಿದೆ.

‘ಈ ಹೆಸರು ನನ್ನದೇ.’

‘ಮತ್ತೆ ನೀವೇ ಹೇಳಿದೀರಲ್ಲ!’

‘ಈಗ ಅಲ್ಲ ಅಂತಿದೀನಿ. ಬೇಕಾದ್ರೆ ಇವನನ್ನ ಕೇಳಿ.’

‘ಇವರು ಯಾರು?’

‘ನನ್ನ ಹೆಂಡತಿ ತಮ್ಮ.’

‘ಓ, ನಿಮ್ಮ ಕಡೆಯವರೇ! ಅವರ ಮಾತು ಲೆಕ್ಕಕ್ಕೆ ಬರಲ್ಲ ಸಾರ್.’

ಭಾವನಿಗೆ ಸಿಟ್ಟು ನೆತ್ತಿಗೇರಿತು, ಹಾಗೇ ಇಳಿಯಿತು. ಒಂದು ಮಾಮೂಲಿ ದಿಂಬು ಕೊಂಡರು. ಸ್ಕೂಟರಿನ ಹಿಂದೆ ಅದನ್ನು ಮಗುವಿನಂತೆ ತಬ್ಬಿಕೊಂಡು ಕೂತವನು ನಾನು.

ಆ ರಾತ್ರಿ ಅಲ್ಲೇ ಉಳಿದಿದ್ದೆ. ಬೆಳಿಗ್ಗೆ ಅಕ್ಕ ಕತ್ತು ಹಿಡಿದುಕೊಂಡೇ ಹೊರಬಂದಳು.

‘ಇದರಲ್ಲೂ ಅಷ್ಟೇ ನೋಯ್ತಿದೆ ರೀ.’

ಪೇಪರ್ ಓದುತ್ತಿದ್ದ ಭಾವ ಎಗರಿ ನಿಂತರು. ಎಷ್ಟೋ ದಿನಗಳಿಂದ ಕಾಣದ ಕಳೆ ಮುಖದಲ್ಲಿ. ‘ಅಷ್ಟೇನಾ? ಸರಿಯಾಗಿ ಹೇಳು, ಹೆಚ್ಚೂ ಇಲ್ಲ, ಕಮ್ಮೀನೂ ಇಲ್ಲ? ನೋಡಿದೆಯಾ! ವ್ಯತ್ಯಾಸ ಇಲ್ಲ! ನನ್ನ ಮೊದಲನೇ ಸುತ್ತು ಸರಿ!’

‘ನನ್ನ ಕತ್ತು ನೋವಿಗೆ ಕುಣೀತೀರಾ?’ ಅಕ್ಕ ಒಳಗೆ ಹೋದಳು. ಮೊದಲು ಮಾಮೂಲಿ ದಿಂಬು ಹಾರಿ ಬಂತು, ಹಿಂದೆಯೇ ಕಂಪನಿಯದು.

ಎರಡೂ ಒಂದೇ ಸಮ ಬಡಿದವು. ಪೆಟ್ಟು ತಿಂದ ಭಾವನೇ ಆಮೇಲೆ ಮುಲಾಮು ಹುಡುಕಿ ತಂದು, ಪುರಾವೆ ಕೇಳದೆ ಅಕ್ಕನ ಕತ್ತಿಗೆ ತಿಕ್ಕುತ್ತ ಕೂತರು.