ಹಿತ್ತಿಲ ಕಡೆಯ ಬಾಗಿಲು

ಪಕ್ಕದವರು ಹೊಸ ಗೋಡೆಗೆ ನೀರು ಹೊಡೆಯುತ್ತಿದ್ದರು. ಹಸಿ ಸಿಮೆಂಟಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಗಾರೆ ಮೇಸ್ತ್ರಿ ನೆನಪಾದರು. ಆ ಮನುಷ್ಯನನ್ನು ನಾನು ಒಂದು ದಿನವೂ ನಂಬಿದವನಲ್ಲ...

ಅಕ್ಕ ಆಸ್ಪತ್ರೆಯಿಂದ ಜಡಿಗೇನಹಳ್ಳಿಯ ನಮ್ಮ ಮನೆಗೆ ಬಂದ ವರ್ಷವದು. ಯಾರೋ ತನ್ನನ್ನು ಹಿಡಿದುಕೊಂಡು ಹೋಗಲು ಬರುತ್ತಾರೆಂಬ ಭಯವೇ ಅವಳ ಕಾಯಿಲೆ. ಮಾತ್ರೆ ನುಂಗುತ್ತಿದ್ದಳು, ಮನೆಯೊಳಗೆ ಮಾತ್ರ ಮಲಗುತ್ತಿರಲಿಲ್ಲ. ಜಗಲಿಯಲ್ಲೇ ಕೂತು ಬೆಳಗು ಮಾಡುತ್ತಿದ್ದಳು. ನಿದ್ದೆ ಹೀಗೇ ಕೆಟ್ಟರೆ ಮತ್ತೆ ದಾಖಲು ಮಾಡಬೇಕಾಗುತ್ತದೆ, ಅವಳಿಗೆ ಹೆದರಿಕೆಯಾಗದಂಥ ಒಂದು ಕೋಣೆ ಮಾಡಿಕೊಡಿ ಎಂದರು ಡಾಕ್ಟರು. ನನ್ನ ತಲೆಗೆ ಹೊಳೆದದ್ದು ದಪ್ಪ ಗೋಡೆ, ಗಟ್ಟಿ ಚಿಲಕ. ಹಾಗೇ ಒಂದು ಕೋಣೆ ಕಟ್ಟಲು ಮೇಸ್ತ್ರಿಗೆ ಹೇಳಿದೆ.

ಪಿಲ್ಲಗುಂಪೆಯ ಫ್ಯಾಕ್ಟರಿಯಿಂದ ಒಂದು ಮಧ್ಯಾಹ್ನ ಬೇಗ ಬಂದರೆ, ಮೇಸ್ತ್ರಿ ಕೆಲಸ ಬಿಟ್ಟು ಅರ್ಧ ಎದ್ದ ಗೋಡೆಗಳ ನಡುವೆ ನೆಲದ ಮೇಲೆ ಮಲಗಿದ್ದರು. ಕುಡಿದಿದ್ದಾರೆ ಅಂದುಕೊಂಡೆ. ಪಕ್ಕದಲ್ಲಿ ಅಕ್ಕ ಕೂತು ಏನೋ ಹೇಳುತ್ತಿದ್ದಳು. ನನ್ನ ಹತ್ತಿರ ಬಾಯಿ ಬಿಡದವಳಿಗೆ ಇವರ ಜೊತೆ ಏನು ಮಾತು? ಮುಂದಿನ ವಾರ ನೋಡಿದರೆ ಕಿಟಕಿ ಮಂಚದ ಮಟ್ಟಕ್ಕೆ ಇಳಿದಿತ್ತು. ಹಿತ್ತಿಲ ಕಡೆ, ನಾನು ಹೇಳದೇ ಇದ್ದ ಇನ್ನೊಂದು ಬಾಗಿಲು ಎದ್ದಿತ್ತು.

"ಯಾರು ಹೇಳಿದ್ರು ನಿಮ್ಗೆ?" ಎಂದೆ.

"ನಿಮ್ಮಕ್ಕನೇ ಕಣಪ್ಪ. ಮಲ್ಗಿದ್ದಾಗ್ಲೂ ಗೇಟು ಕಾಣ್ಬೇಕಂತೆ. ಬರೋರು ಬೇಡ ಅನ್ಸಿದ್ರೆ ಆ ಕಡೆಯಿಂದ ಹೋಗಕ್ಕೊಂದು ದಾರಿ ಬೇಕಂತೆ. ನಾನೂ ಮಲ್ಗಿ ನೋಡ್ದೆ, ಸರಿ ಅನ್ನಿಸ್ತು."

ತಲೆ ಕೆಟ್ಟವಳ ಮಾತು ಕೇಳಿ ಯಾರಾದರೂ ಮನೆ ಕಟ್ಟುತ್ತಾರೆಯೇ ಎಂದು ಒಳಗೇ ಕುದಿದೆ. ಆದರೆ ಅಕ್ಕ ಆ ಕೋಣೆಯಲ್ಲಿ ಮಲಗಿದಳು. ನಿದ್ದೆ ಹೋದದ್ದು ನನಗೆ. ಅವಳು ಓಡಿಹೋದರೆ? ಆ ಬಾಗಿಲಿಂದ ಯಾರಾದರೂ ನುಗ್ಗಿದರೆ? ಬಾಗಿಲಿಟ್ಟದ್ದರಲ್ಲಿ ಮೇಸ್ತ್ರಿಯದೇ ಏನೋ ಲೆಕ್ಕಾಚಾರವಿದ್ದರೆ? ಹತ್ತು ದಿನ ತಡೆದೆ. ಹನ್ನೊಂದನೆಯ ದಿನ ಆ ಹಿತ್ತಿಲ ಬಾಗಿಲಿಗೆ ಹೊರಗಡೆಯಿಂದ ಬೀಗ ಜಡಿದು ಕೆಲಸಕ್ಕೆ ಹೋದೆ.

ಸಂಜೆ ಬರುವಷ್ಟರಲ್ಲಿ ಅಕ್ಕ ಮತ್ತೆ ಜಗಲಿಯಲ್ಲಿದ್ದಳು. ಊಟ ಬಿಟ್ಟಳು, ಮಾತು ಬಿಟ್ಟಳು... ಆ ಸಲ ಆಸ್ಪತ್ರೆಯಲ್ಲಿ ಮೂರು ತಿಂಗಳು. ತಪ್ಪು ನನ್ನದೇ.

ಸುದ್ದಿ ತಿಳಿದು ಬಂದ ಮೇಸ್ತ್ರಿ ಬೈಯಲಿಲ್ಲ. ಬೀಗದ ಕೊಂಡಿಯನ್ನೇ ಕಿತ್ತು ಜೇಬಿಗೆ ಹಾಕಿಕೊಂಡು ಹೋದರು. ವಾಪಸು ಬಂದ ಅಕ್ಕ ಇವತ್ತಿಗೂ ಅದೇ ಕೋಣೆಯಲ್ಲಿದ್ದಾಳೆ, ಚೆನ್ನಾಗಿದ್ದಾಳೆ.

ಹೋದ ತಿಂಗಳು ಮೇಸ್ತ್ರಿ ತೀರಿಕೊಂಡರು. ಅಕ್ಕ ತಡೆದುಕೊಳ್ಳಲಾರಳು ಎಂದು ಅವಳಿಗೆ ಹೇಳಲಿಲ್ಲ. ನಾನೂ ಹೋಗಲಿಲ್ಲ. ರಜೆ ಸಿಗಲಿಲ್ಲ ಎಂದದ್ದು ನೆಪ. ಅವರು ಬದುಕಿದ್ದಾಗ ತಪ್ಪಾಯಿತು ಎನ್ನದವನಿಗೆ ಹೆಣದ ಮುಂದೆ ನಿಲ್ಲಲು ನಾಚಿಕೆಯಾಗಿತ್ತು. ಇವತ್ತು ಏನಾದರಾಗಲಿ, ಹೇಳಿಬಿಡೋಣವೆಂದು ಅವಳ ಕೋಣೆಗೆ ಹೋದೆ. "ಅಕ್ಕ, ಮೇಸ್ತ್ರಿ..." ಎಂದು ತಡವರಿಸಿದೆ.

"ಗೊತ್ತು ಕಣೋ," ಎಂದಳು. "ನೀನು ಶಿಫ್ಟಿಗೆ ಹೋಗಿದ್ದಾಗ ಹಿಂದ್ಗಡೆ ಬಾಗ್ಲಿಂದ ಹೋಗಿ ಮುಖ ನೋಡ್ಕೊಂಡು ಬಂದೆ. ನಿಂಗೆ ಹೇಳಿದ್ರೆ ನೀನು ಮತ್ತೆ ಬೀಗ ಹಾಕ್ತಿದ್ದೆ."