ಶಕುಂತಲಮ್ಮನವರ ಬಲತೋಳು

ದೊಡ್ಡಬಳ್ಳಾಪುರದಲ್ಲಿ ಮನೆಯಲ್ಲೇ ಹೊಲಿಯುವ ಜ್ಯೋತಿಲಕ್ಷ್ಮಿಗೆ ಹಳೇ ಕಾಲದ ರವಿಕೆ ಎಂದರೆ ಪ್ರಾಣ, ಅದನ್ನು ಹೊಲಿದವರೆಂದರೆ ತಾತ್ಸಾರ. ಯಾರಾದರೂ ಅಜ್ಜಿಯ ಫೋಟೊ ತಂದರೆ ಭೂತಗನ್ನಡಿ ಹಿಡಿದು ಬುಗ್ಗೆ ತೋಳಿನ ನೆರಿಗೆ ಎಣಿಸುತ್ತಾಳೆ. ಅಜ್ಜಿಯ ಮುಖ ನೋಡುವುದು ಆಮೇಲೆ. ಹಳೇ ರವಿಕೆಯೇ ಸಿಕ್ಕರಂತೂ ಹೊಲಿಗೆ ಬಿಚ್ಚಿ, ಅವತ್ತಿನ ಪೇಪರಿನ ಮೇಲೆ ಹರಡಿ ಅಚ್ಚು ಕತ್ತರಿಸುತ್ತಾಳೆ; ಪಾಪ, ಗಂಡನಿಗೆ ಓದಲು ಸಿಗುವುದು ತೋಳು, ಬೆನ್ನು ಹೋಗಿ ಉಳಿದಷ್ಟು ಸುದ್ದಿ ಮಾತ್ರ. "ಆ ಕಾಲದೋರ್ಗೆ ಕಟಿಂಗೇ ಬರ್ತಿರ್ಲಿಲ್ಲ ಕಣ್ರೀ, ನಾನ್ ಸರಿ ಮಾಡ್ಕೊಡ್ತೀನಿ" ಎಂಬುದು ಅವಳ ಮಂತ್ರ. ನೇಕಾರರ ಮನೆಯ ಶಕುಂತಲಮ್ಮ ತಮ್ಮ ಪ್ರಾಯದ ರವಿಕೆ ತಂದು, ಮೊಮ್ಮಗಳ ಮದುವೆಗೆ ತಾವು ತೊಡಲು ಅಂಥದ್ದೇ ಬೇಕೆಂದಾಗಲೂ ಹಾಗೆಯೇ ಆಯಿತು. ಬಿಚ್ಚಿದರೆ ಬಲತೋಳು ಎಡದ್ದಕ್ಕಿಂತ ಒಂದಿಂಚು ಅಗಲ! ಲೊಚಗುಟ್ಟುತ್ತಾ ಹೊಸದರಲ್ಲಿ ಎರಡನ್ನೂ ಎಡದ ಅಳತೆಗೇ ಸಮ ಮಾಡಿ ಹೊಲಿದಳು. ತೊಟ್ಟು ನೋಡುವಾಗ ಎಡಗೈ ಸಲೀಸಾಗಿ ಹೋಯಿತು, ಬಲಗೈ ಅರ್ಧಕ್ಕೇ ನಿಂತಿತು. "ಏಳನೇ ವಯಸ್ಸಿಂದ ರಾಟೆ ತಿರುಗ್ಸಿದ ಕೈ ಕಣಮ್ಮಾ ಇದು" ಎಂದು ಶಕುಂತಲಮ್ಮ ನಕ್ಕರು. "ನೂಲು ಸುತ್ತೋ ಹೆಂಗಸ್ರಿಗೆಲ್ಲ ನಮ್ ಟೈಲರ್ ಸಾಬ್ರು ಬಲಗಡೆ ಒಂದಿಂಚು ಜಾಸ್ತಿ ಬಿಡೋರು. ಕೇಳ್ತಾನೂ ಇರ್ಲಿಲ್ಲ, ಹೇಳ್ತಾನೂ ಇರ್ಲಿಲ್ಲ." ಜ್ಯೋತಿಲಕ್ಷ್ಮಿ ಹೊಸ ಬಲತೋಳು ಕತ್ತರಿಸಲು ಕೂತಳು. ಆದರೆ ಟೇಪು ಕೈಗೆತ್ತಿಕೊಂಡವಳು ಮೊದಲು ಅಳೆದದ್ದು ತನ್ನವೇ ಎರಡು ತೋಳುಗಳನ್ನು. ಕತ್ತರಿ ಹಿಡಿಯುವ ಕಡೆ ಅರ್ಧ ಇಂಚು ಹೆಚ್ಚಿತ್ತು.