ಕೂಸಿನ ಅಕ್ಕಿ

ಮೊನ್ನೆ ಕುಕ್ಕರಿನ ರಬ್ಬರು ಹರಿದುಹೋಗಿತ್ತು. ಸೊಸೆ ಹಳೆಯ ಪಾತ್ರೆ ಇಳಿಸಿ, ಹೊಸ ಅಕ್ಕಿ ಬೇಯಿಸಿ ಗಂಜಿ ಬಸಿದಳು. ಆ ಹಬೆ ಅಡುಗೆಮನೆ ದಾಟಿ ಪಡಸಾಲೆಗೆ ಬಂತು. ಸಿಹಿ ಎನ್ನಲಾಗದು, ತುಸು ಹಸಿಹುಲ್ಲಿನ ವಾಸನೆ... ಅವರೆಕಾಯಿ ಬಿಡಿಸುತ್ತಿದ್ದ ನನ್ನ ಕೈ ನಿಂತಿತು. ಎದುರುಮನೆ ಮಾವ ನೆನಪಾದರು.

ಮಾವ ಎಂದರೆ ರಕ್ತಸಂಬಂಧವಲ್ಲ. ಸಾಸ್ವೆಹಳ್ಳಿಯಲ್ಲಿ ನಮ್ಮ ತವರಿನ ಎದುರಿಗೇ ಅವರ ಮನೆ. ನಮ್ಮವ್ವನಿಗೂ ನನಗೂ ಅಣ್ಣತಮ್ಮಂದಿರು ಇರಲಿಲ್ಲ, ಅಪ್ಪ ಬೇಗ ಹೋಗಿದ್ದರು. ಹಾಗಾಗಿ ಸೋದರಮಾವ ನಿಲ್ಲಬೇಕಾದ ಶಾಸ್ತ್ರಗಳಿಗೆಲ್ಲ ಅವರೇ ನಿಂತವರು. ಕತ್ತಿನವರೆಗೂ ಗುಂಡಿ ಹಾಕಿದ ಬಿಳಿ ಅಂಗಿ, ಹಣೆ ತುಂಬ ವಿಭೂತಿ. ಮಾತು ಕಡಿಮೆ, ಆಡಿದರೆ ಅದೇ ಮಾತು.

ಆಗ ಲೆವಿ ಭತ್ತದ ಕಾಲ. ಬೆಳೆದವರು ಸರ್ಕಾರ ಹೇಳಿದಷ್ಟನ್ನು ಸರ್ಕಾರ ಹೇಳಿದ ದರಕ್ಕೆ ಕೊಡಬೇಕು. ಅಳೆಯುವವರು ಬರುತ್ತಾರೆಂಬ ಸುದ್ದಿ ಬಂದರೆ ಊರಿನ ಅರ್ಧ ಭತ್ತ ಬಣವೆಯ ಹೊಟ್ಟೆ ಸೇರುತ್ತಿತ್ತು. ಮಾವ ಮಾತ್ರ ಜೊಳ್ಳು ತೂರಿ, ಒಣಗಿಸಿ, ಎಲ್ಲರಿಗಿಂತ ಮೊದಲು ಅಳೆದುಕೊಡುತ್ತಿದ್ದರು.

"ಏನ್ ಗೌಡ್ರೆ, ಸರ್ಕಾರಕ್ಕೆ ಮಗಳನ್ನೇನಾದ್ರೂ ಕೊಟ್ಟೀರೇನು?" ಎಂದು ಕಟ್ಟೆಯ ಮೇಲಿನವರು ಕಿಚಾಯಿಸುತ್ತಿದ್ದರು.

"ಸರ್ಕಾರ ಅಂದ್ರೆ ಮನೆ ಹಿರಿಯ ಇದ್ದಂಗೆ ಕಣ್ರಪ್ಪ. ಹಿರಿಯನ ಮಾತು ಮೀರಿದ್ರೆ ಮನೆ ಹೆಂಗೆ ಉಳಿತೈತೆ?" ಇಷ್ಟೇ ಅವರ ಉತ್ತರ.

ನನ್ನನ್ನು ಕೊಟ್ಟಿದ್ದು ಜಗಳೂರಿಗೆ. ಅದು ಜೋಳ, ರಾಗಿ, ನವಣೆಯ ಸೀಮೆ. ಅನ್ನವೆಂದರೆ ಅಲ್ಲಿ ಹಬ್ಬ. ನಮ್ಮ ಮನೆತನಗಳಲ್ಲಿ ಒಂದು ಪದ್ಧತಿಯಿತ್ತು. ಚೊಚ್ಚಲ ಕೂಸು ಮೊದಲ ಸಲ ತಂದೆಯ ಮನೆ ಹೊಸ್ತಿಲು ದಾಟುವ ದಿನ, ಸೋದರಮಾವ ತವರಿನ ಗದ್ದೆಯ ಅಕ್ಕಿ ಹೊತ್ತು ತರಬೇಕು. ಅದನ್ನೇ ಬೇಯಿಸಿ ಓಣಿಗೆಲ್ಲ ಬಡಿಸಬೇಕು. ಕೂಸಿನ ಅಕ್ಕಿ ಅನ್ನುತ್ತಿದ್ದೆವು. ಆ ಅನ್ನ ಉಂಡವರೆಲ್ಲ ಕೂಸಿಗೆ ನೆಂಟರು ಎಂಬ ನಂಬಿಕೆ. ತಂದೆಯಿಲ್ಲದ ಹುಡುಗಿ, ಇವಳ ಕಡೆ ಯಾರು ಬಂದಾರು ಎಂದು ಗಂಡನ ಓಣಿಯಲ್ಲಿ ಮದುವೆಯ ದಿನವೇ ಮಾತು ಬಂದಿತ್ತು. ಅದು ಮಾವನ ಕಿವಿಗೂ ಬಿದ್ದಿತ್ತು. "ನಾನು ಅಕ್ಕಿ ಹೊತ್ಕೊಂಡು ಬರ್ತೀನಿ, ಆಗ ನೋಡ್ಲಿ," ಎಂದು ಅವ್ವನಿಗೆ ಮಾತು ಕೊಟ್ಟಿದ್ದರು.

ಆದರೆ ಸಾಸ್ವೆಹಳ್ಳಿಯ ತಾಲ್ಲೂಕು ಹೊನ್ನಾಳಿ ಆಗ ಶಿವಮೊಗ್ಗ ಜಿಲ್ಲೆಗೆ ಸೇರಿತ್ತು, ಜಗಳೂರು ಚಿತ್ರದುರ್ಗಕ್ಕೆ. ಒಂದು ಜಿಲ್ಲೆಯ ಅಕ್ಕಿ ಇನ್ನೊಂದಕ್ಕೆ ಹೋಗುವಂತಿರಲಿಲ್ಲ. ದಾವಣಗೆರೆ ರಸ್ತೆಯಲ್ಲಿ, ಜಿಲ್ಲೆಯ ಗಡಿಗೆ, ಒಂದು ಬಿದಿರಿನ ಗಳು ಅಡ್ಡ ಹಾಕಿ ಗೇಟು ಮಾಡಿದ್ದರು. ಮಾವ ನಿಯಮ ಕೇಳಲು ತಾಲ್ಲೂಕು ಕಚೇರಿಗೇ ಹೋದರು. ಅಲ್ಲಿದ್ದವರು ನಕ್ಕು, "ಕೂಸಿನ ಶಾಸ್ತ್ರಕ್ಕೆ ಒಯ್ಯೋ ಅಕ್ಕಿಗೆ ಪರ್ಮಿಟ್ ಯಾಕ್ರೀ ಯಜಮಾನ್ರೆ? ತಗೊಂಡು ಹೋಗ್ರಿ," ಎಂದರಂತೆ. ಕುರ್ಚಿಯ ಮೇಲೆ ಕುಳಿತವರು ಆಡಿದ ಮಾತು. ಮಾವನಿಗೆ ಅಷ್ಟು ಸಾಕಾಯಿತು.

ಬಸ್ಸಿನಲ್ಲಿ ನಾನು ಮಗುವನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದೆ. ಅಕ್ಕಿಯ ಚೀಲ ಮಾವನ ಕಾಲಬಳಿ, ಎಲ್ಲರಿಗೂ ಕಾಣುವಂತೆ. ಗೇಟು ಹತ್ತಿರ ಬಂದಂತೆ ಬಸ್ಸಿನೊಳಗೆ ಸರಬರ ಶುರುವಾಯಿತು. ಗಂಟುಗಳು ಸೀಟಿನಡಿ ಹೋದವು, ದಿಂಬಿನೊಳಗೆ ಹೋದವು. ಪಕ್ಕದಲ್ಲಿದ್ದ ಹೆಂಗಸು ಮಾವನ ಚೀಲ ನೋಡಿ ಗಾಬರಿಯಾದಳು.

"ಯಜಮಾನ್ರೆ, ಅದ್ನ ಸೀಟಿನ ಕೆಳಗೆ ತಳ್ರಿ. ಮ್ಯಾಲೆ ಕೂಸಿನ ಬಟ್ಟೆ ಹಾಕ್ರಿ. ಯಾರು ಮುಟ್ತಾರೆ?"

"ಕೂಸಿನ ಬಟ್ಟೆ ಹೊಚ್ಚಿ ಕಳ್ಳತನ ಮಾಡಾಕೆ ಆಗಲ್ಲವ್ವ."

"ಓಹೋ! ಊರಿಗೊಬ್ರೇ ಸತ್ಯವಂತ್ರು!" ಎಂದು ಆಕೆ ತನ್ನ ಗಂಟಿನ ಮೇಲೆ ಸೆರಗು ಹರವಿಕೊಂಡಳು.

ಖಾಕಿ ಅಂಗಿಯವನು ಹತ್ತಿದ. ಚೀಲದಲ್ಲಿ ಏನಿದೆ ಎಂದು ಅವನು ಕೇಳುವ ಮೊದಲೇ ಮಾವ ಎದ್ದು ನಿಂತು, "ಅಕ್ಕಿ ಐತ್ರಿ. ಕೂಸಿನ ಶಾಸ್ತ್ರದ್ದು. ಆಫೀಸಿನಾಗೆ ಕೇಳ್ಕೊಂಡೇ ತಂದೀನಿ," ಎಂದರು.

"ಪರ್ಮಿಟ್?"

"ಬೇಕಾಗಿಲ್ಲ ಅಂದ್ರಲ್ಲ."

"ಬರೆದು ಕೊಟ್ಟಾರೇನು?"

"ಬಾಯಿಲೆ ಹೇಳಿದ್ರು."

"ಬಾಯಿಲೆ ಹೇಳಿದ್ದು ಬಾಯಾಗೇ ಇರ್ತೈತೆ. ಇಳಿಸ್ರಿ."

ಇಳಿಸಿದರು. ಗೇಟಿನ ಪಕ್ಕದ ಗುಡಿಸಲಿನ ಮುಂದೆ, ಮೊದಲೇ ಹಿಡಿದಿಟ್ಟಿದ್ದ ಬೇರೆ ಚೀಲಗಳ ಜೊತೆ ನಮ್ಮದನ್ನೂ ಇಟ್ಟರು. ಅವನು ಕೆಟ್ಟವನೇನಲ್ಲ. "ನಾನೇನ್ ಮಾಡ್ಲಿ, ಮ್ಯಾಲಿನ ಆರ್ಡರ್ ಐತೆ," ಎಂದು ನನ್ನ ಮಗುವಿನ ಕಡೆ ನೋಡಿ ಮುಖ ತಿರುಗಿಸಿದ. ಮಾವ ಕೆಳಗೆ ನಿಂತಿದ್ದರು. ಅಕ್ಕಿಯ ಹತ್ತಿರ ಉಳಿದರೆ ಬಾಣಂತಿ ಒಬ್ಬಳೇ ಹೋಗಬೇಕು. ನನ್ನ ಜೊತೆ ಬಂದರೆ ಬರಿಗೈ. ಕಂಡಕ್ಟರು ಸೀಟಿ ಊದಿದ. ಮಾವ ಹತ್ತಿದರು. ಪಕ್ಕದ ಹೆಂಗಸು ಗಂಟಿನ ಮೇಲಿನ ಸೆರಗು ತೆಗೆದು ಹೆಗಲಿಗೆ ಹಾಕಿಕೊಂಡಳು. ಅವಳ ಗಂಟು ಅವಳ ಹತ್ತಿರವೇ ಇತ್ತು. ಬಸ್ಸಿನಲ್ಲಿದ್ದವರ ಪೈಕಿ ಅಕ್ಕಿ ಕಳೆದುಕೊಂಡವರು ನಾವೊಬ್ಬರೇ...

ಜಗಳೂರಿನಲ್ಲಿ ಓಣಿಯವರು ಆಗಲೇ ಬಂದು ಕುಳಿತಿದ್ದರು. ನಮ್ಮತ್ತೆ ಮಾವನ ಕೈ ನೋಡಿದರು, ಮುಖ ನೋಡಿದರು. "ಕೂಸು ಬಂತಲ್ಲ, ಅದೇ ಹಬ್ಬ," ಎಂದು ಸೊಸೈಟಿಯ ಅಕ್ಕಿ ತಂದು ಬೇಯಿಸಿದರು. ಮುಗ್ಗಲು ಹಿಡಿದ ಅಕ್ಕಿ, ಹಿತ್ತಲವರೆಗೂ ವಾಸನೆ. ಬಡಿಸುವಾಗ ಯಾರೋ, "ತವರಿನ ಅಕ್ಕಿ ಇಷ್ಟೊಂದು ಘಮ್ಮಂತೈತಲ್ಲ!" ಎಂದರು. ಪಂಕ್ತಿಯೆಲ್ಲ ನಕ್ಕಿತು. ಮಾವನೂ ನಗಲು ನೋಡಿದರು. "ಇದೂ ನಮ್ಮ ಕಡೆ ಭತ್ತಾನೇ ಇರ್ಬೇಕು ಬಿಡ್ರಿ. ಸರ್ಕಾರದ ಉಗ್ರಾಣ ಸುತ್ತಿ ಬಂದೈತೆ."

ಆಮೇಲೆ ಅವರು ಆ ಚೀಲಕ್ಕಾಗಿ ಎಷ್ಟು ಅಲೆದರೋ. ಗೇಟಿನವರು ಕಚೇರಿಗೆ ಹೋಗಿ ಎಂದರು, ಕಚೇರಿಯವರು ಬೇರೆ ಜಿಲ್ಲೆಯದು ಎಂದರು. ಬಾಯಿಮಾತು ಕೊಟ್ಟವರಿಗೆ ವರ್ಗವಾಗಿತ್ತು. ಬೈಯೋಣವೆಂದರೆ ಎದುರಿಗೆ ಒಬ್ಬ ಮನುಷ್ಯ ಸಿಗಬೇಕಲ್ಲ. ಚುನಾವಣೆಯ ಜೀಪಿನಲ್ಲಿ ಬಂದವರು, ಗೇಟು ತೆಗೆಸುತ್ತೇವೆ ಎಂದು ಕೈಮುಗಿದು ಹೋದರು. ಬೆಂಗಳೂರಿನಲ್ಲಿ ಕುರ್ಚಿಗಳು ಅದಲುಬದಲಾದವು. ಬಿದಿರಿನ ಗಳು ಅಲ್ಲೇ ಇತ್ತು.

ಆ ಕಾನೂನು ಮಾಡಿದವರಿಗೆ ಹಸಿದವರ ಚಿಂತೆ ಇದ್ದಿರಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಊರಿಗೂ ತನ್ನದೇ ಕಟ್ಟುಪಾಡು ಇತ್ತು. ಇಲ್ಲದವರ ಮನೆಗೆ ಕಣದಿಂದಲೇ ಭತ್ತ ಹೋಗುತ್ತಿತ್ತು, ಯಾರ ಗದ್ದೆಯದು ಯಾರ ಮಗುವಿಗೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಅದರ ಮೇಲೆ ಸರ್ಕಾರ ತನ್ನ ಗಳು ಇಟ್ಟಿತು. ಗಳು ದಾಟಲು ಕಲಿತವರು ದಾಟಿದರು. ನಿಂತು ನಿಜ ಹೇಳಿದವರು ನಿಂತಲ್ಲೇ ಉಳಿದರು.

ಶಾಸ್ತ್ರ ಚೊಚ್ಚಲಿಗಷ್ಟೇ ಆದರೂ, ಅವ್ವನಿಗೆ ಕೊಟ್ಟ ಮಾತು ಬಾಕಿಯಿತ್ತೆಂದು, ನನಗೆ ಎರಡನೆಯ ಮಗುವಾದಾಗ ಮಾವ ಮತ್ತೆ ಜಗಳೂರಿಗೆ ಬಂದರು. ಈ ಸಲ ಕೈಯಲ್ಲಿ ಚೀಲವಿರಲಿಲ್ಲ. ಒಳಗೆ ಬಂದವರೇ ನನ್ನನ್ನು ಅಡುಗೆಮನೆಗೆ ಕರೆದು, ಗೋಡೆಯ ಕಡೆ ತಿರುಗಿ, ಅಂಗಿ ಎತ್ತಿ ಸೊಂಟದ ಸುತ್ತ ಕಟ್ಟಿದ್ದ ಬಟ್ಟೆ ಬಿಚ್ಚಿದರು. ಅಕ್ಕಿ ಬೆಚ್ಚಗಿತ್ತು. ಬಟ್ಟೆ ಬಿಗಿದ ಜಾಗದಲ್ಲಿ ಚರ್ಮ ಕೆಂಪಗೆ ಬಾಸುಂಡೆ ಎದ್ದಿತ್ತು.

"ಗೇಟಿನಾಗೆ ಏನೈತೆ ಅಂತ ಕೇಳಿದ್ರು, ತಾಯಿ. ಏನಿಲ್ಲ ಅಂದೆ," ಎಂದರು. ಕಣ್ಣು ಮೇಲೆತ್ತಲಿಲ್ಲ.

ಅವತ್ತು ಓಣಿಯವರೆಲ್ಲ ಆ ಅನ್ನ ಉಂಡು ಹೊಗಳಿದರು. ಮಾವ ಜೋಳದ ಮುದ್ದೆ ಸಾಕೆಂದರು. ನಾನು ಒಂದು ತುತ್ತಾದರೂ ಹಾಕಲು ಹೋದೆ. ತಟ್ಟೆಗೆ ಅಂಗೈ ಅಡ್ಡ ಇಟ್ಟರು.

ಊರಿನಲ್ಲಿ ಆಮೇಲೆ ಅವರು ಕಟ್ಟೆಗೆ ಬರುವುದು ಕಡಿಮೆಯಾಯಿತಂತೆ. ಲೆವಿಯವರು ಬಂದಾಗ ಅವರ ಭತ್ತವೂ ಬಣವೆ ಸೇರಿತು, ಗೌಡ್ರಿಗೂ ಬುದ್ಧಿ ಬಂತು ಎಂದು ಜನ ನಕ್ಕರು ಎಂದು ಅವ್ವ ಹೇಳಿದಳು. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಅವರು ಹೋದರು. ನನಗೆ ಸುದ್ದಿ ಬಂದಿದ್ದು ಮಣ್ಣು ಮಾಡಿದ ಮೇಲೆ.

ಈಗ ಅಕ್ಕಿಯ ಲಾರಿಗಳು ಆ ದಾರಿಯಲ್ಲಿ ಹಗಲೆಲ್ಲ ಓಡುತ್ತವೆ. ಗೇಟನ್ನು ಯಾವಾಗ ಕಿತ್ತರೋ ನನಗೆ ಗೊತ್ತಿಲ್ಲ, ಕೇಳಿದರೆ ಯಾರಿಗೂ ಗೊತ್ತಿಲ್ಲ. ಇದು ತಪ್ಪಾಗಿತ್ತು ಎಂದು ಯಾರೂ ಅವರ ಮನೆಯವರೆಗೆ ಬಂದು ಹೇಳಲಿಲ್ಲ. ಬಂದಿದ್ದರೂ ಯಾರಿಗೆ ಹೇಳುತ್ತಿದ್ದರು... ನಿಜ ಹೇಳಲು ಬಸ್ಸಿನಲ್ಲಿ ಎದ್ದು ನಿಂತಿದ್ದ ನಮ್ಮ ಮಾವ ಸಾಯುವುದಕ್ಕೂ ಎಷ್ಟೋ ಮೊದಲೇ ಹೋಗಿಬಿಟ್ಟಿದ್ದರು.